ಹರ್ಮನ್ ಮೋಗ್ಲಿಂಗ್: ಕಲ್ಲಚ್ಚಿನಿಂದ ಕೊಡಗಿನ ಪುಸ್ತಕದವರೆಗೆ

ಪ್ರತಿ ವರ್ಷ ಜುಲೈ 1ರಂದು ಕರ್ನಾಟಕದಲ್ಲಿ ಪತ್ರಿಕಾ ದಿನಾಚರಣೆ ನಡೆಯುತ್ತದೆ. 1843ರ ಅದೇ ದಿನ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದಿತು. ಅದರ ಸಂಪಾದಕರು ಹರ್ಮನ್ ಮೋಗ್ಲಿಂಗ್ ಎಂದು ಶಾಲೆಯ ಪ್ರಾರ್ಥನೆಯ ವೇಳೆಯಲ್ಲಿ ಒಂದು ವಾಕ್ಯ ಹೇಳಿ ಮುಗಿಸುವುದು ರೂಢಿ. ಆದರೆ ಅವರು ಈ ನಾಡಿಗೆ ಯಾಕೆ ಬಂದರು, ಕನ್ನಡಕ್ಕೆ ಯಾಕೆ ಕೈ ಹಾಕಿದರು, ಅವರು ಬರೆದದ್ದನ್ನು ನಾವು ಎಷ್ಟರ ಮಟ್ಟಿಗೆ ನಂಬಬೇಕು ಎಂಬ ಪ್ರಶ್ನೆಗಳು ಆ ವಾಕ್ಯದಲ್ಲಿ ಬರುವುದಿಲ್ಲ. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ಕೇಳುವುದು ಇಂಥ ಪ್ರಶ್ನೆಗಳನ್ನೇ. ಅದಕ್ಕಾಗಿ ಅವರ ಜೀವನವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದೆ.

ಹುಟ್ಟು, ಓದು, ಪ್ರಯಾಣ

ಹರ್ಮನ್ ಫ್ರೆಡ್ರಿಕ್ ಮೋಗ್ಲಿಂಗ್ 1811ರ ಮೇ 29ರಂದು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಧರ್ಮಶಾಸ್ತ್ರ ಓದಿದರು. ಆ ಓದಿನಲ್ಲಿ ಗ್ರೀಕ್, ಹೀಬ್ರೂ ಮುಂತಾದ ಹಳೆಯ ಭಾಷೆಗಳ ಅಭ್ಯಾಸ ಇರುತ್ತಿತ್ತು. ಹಳೆಯ ಗ್ರಂಥವನ್ನು ಓದುವುದು, ಪ್ರತಿಗಳನ್ನು ಹೋಲಿಸುವುದು, ಪದಗಳ ಅರ್ಥ ಹುಡುಕುವುದು ಇವೆಲ್ಲ ಅವರಿಗೆ ಅಲ್ಲಿಯೇ ರೂಢಿಯಾಯಿತು.

ಆಗ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಷನ್ ಎಂಬ ಸಂಸ್ಥೆ ಹೊರದೇಶಗಳಿಗೆ ಧರ್ಮಪ್ರಚಾರಕರನ್ನು ಕಳಿಸುತ್ತಿತ್ತು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಪ್ರದೇಶಕ್ಕೆ ಬ್ರಿಟಿಷರಲ್ಲದ ಮಿಷನರಿಗಳು ಬರಲು 1833ರ ಕಾನೂನು ದಾರಿ ಮಾಡಿಕೊಟ್ಟಿತು. ಮರುವರ್ಷ, 1834ರಲ್ಲಿ, ಈ ಸಂಸ್ಥೆಯ ಮೊದಲ ಮೂವರು ಮಂಗಳೂರಿಗೆ ಬಂದರು. ಮೋಗ್ಲಿಂಗ್ ಬಂದದ್ದು 1836ರಲ್ಲಿ. ಆಗ ಅವರಿಗೆ 25 ವರ್ಷ, ಅಂದರೆ ಇಂದು ಬಿ.ಇಡಿ. ಓದುತ್ತಿರುವ ನಮ್ಮಲ್ಲಿ ಹಲವರ ವಯಸ್ಸು.

ಅವರು ಬಂದದ್ದು ಇಲ್ಲಿಯ ಜನರನ್ನು ತಮ್ಮ ಧರ್ಮಕ್ಕೆ ಸೇರಿಸಿಕೊಳ್ಳಲು. ಕನ್ನಡ ಸಾಹಿತ್ಯವನ್ನು ಉಳಿಸುವುದು ಆಗ ಅವರ ಉದ್ದೇಶವಾಗಿರಲಿಲ್ಲ. ಇದನ್ನು ಮರೆಮಾಚಿ ಅವರ ಜೀವನ ಹೇಳಿದರೆ ಕಥೆ ಅರ್ಧವೇ ಆಗುತ್ತದೆ. ಆದರೆ ಜನರ ಜೊತೆ ಮಾತಾಡಲು ಅವರ ಭಾಷೆ ಬೇಕು, ಭಾಷೆ ಕಲಿಯಲು ಜನರ ಹಾಡು, ಗಾದೆ, ಪುರಾಣ ತಿಳಿದಿರಬೇಕು ಎಂಬುದು ಅವರಿಗೆ ಬೇಗನೆ ಅರ್ಥವಾಯಿತು. ಧಾರವಾಡ, ಹುಬ್ಬಳ್ಳಿ ಭಾಗದಲ್ಲೂ ತಿರುಗಾಡಿದರು. ಮಂಗಳೂರಿನಲ್ಲಿ ಹುಡುಗರಿಗಾಗಿ ವಸತಿ ಶಾಲೆ ನಡೆಸಿ ಅವರ ಜೊತೆಯಲ್ಲೇ ವಾಸವಾಗಿದ್ದರು. ಹೀಗೆ ದಿನನಿತ್ಯದ ಮಾತಿನಿಂದಲೂ ಅವರು ಕನ್ನಡ ಕಲಿತರು.

ಕಲ್ಲಿನ ಮೇಲೆ ಅಕ್ಷರ

ಮೋಗ್ಲಿಂಗರ ಸೋದರ ಸಂಬಂಧಿ ಗಾಟ್‌ಫ್ರೀಡ್ ವೈಗ್ಲೆ ಕೂಡ ಇದೇ ಮಿಷನ್ನಿನಲ್ಲಿದ್ದರು. 1841ರಲ್ಲಿ ಅವರು ಮುಂಬಯಿಯಿಂದ ಒಂದು ಕಲ್ಲಚ್ಚಿನ ಯಂತ್ರವನ್ನು ಮಂಗಳೂರಿಗೆ ತಂದರು. ಬಾಸೆಲ್ ಮಿಷನ್ ಮುದ್ರಣಾಲಯ ಶುರುವಾದದ್ದು ಹೀಗೆ.

ಕಲ್ಲಚ್ಚು ವಿಜ್ಞಾನ ಶಿಕ್ಷಕರಿಗೂ ಒಳ್ಳೆಯ ವಿಷಯ. 1790ರ ದಶಕದ ಕೊನೆಯಲ್ಲಿ ಜರ್ಮನಿಯ ಅಲೋಯಿಸ್ ಸೆನೆಫೆಲ್ಡರ್ ಇದನ್ನು ಕಂಡುಹಿಡಿದರು. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬುದು ಇದರ ತತ್ವ. ನಯವಾದ ಸುಣ್ಣದಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆಯುತ್ತಾರೆ. ಮೇಲೆ ಗೋಂದು ಮತ್ತು ತೆಳುವಾದ ನೈಟ್ರಿಕ್ ಆಮ್ಲದ ಮಿಶ್ರಣ ಸವರುತ್ತಾರೆ. ಇದರಿಂದ ಬರವಣಿಗೆ ಇಲ್ಲದ ಜಾಗ ನೀರನ್ನು ಹಿಡಿದುಕೊಳ್ಳುವ ಗುಣ ಪಡೆಯುತ್ತದೆ. ನಂತರ ಕಲ್ಲನ್ನು ಒದ್ದೆ ಮಾಡಿ ಜಿಡ್ಡಿನ ಮಸಿಯ ಉರುಳೆಯನ್ನು ಹಾಯಿಸಿದರೆ ಮಸಿ ಅಕ್ಷರಗಳಿಗೆ ಮಾತ್ರ ಹತ್ತುತ್ತದೆ, ಒದ್ದೆ ಜಾಗಕ್ಕೆ ಹತ್ತುವುದಿಲ್ಲ. ಮೇಲೆ ಕಾಗದ ಇಟ್ಟು ಒತ್ತಿದರೆ ಪುಟ ಸಿದ್ಧ. ಕಲ್ಲಿನ ಮೇಲೆ ಅಕ್ಷರ ತಿರುವುಮುರುವಾಗಿ ಇರಬೇಕಾಗುತ್ತದೆ. ಅದಕ್ಕಾಗಿ ವಿಶೇಷ ಕಾಗದದ ಮೇಲೆ ನೇರವಾಗಿ ಬರೆದು ಅದನ್ನು ಕಲ್ಲಿನ ಮೇಲೆ ಒತ್ತಿ ಇಳಿಸುವ ಪದ್ಧತಿಯೂ ಇತ್ತು.

ಕನ್ನಡಕ್ಕೆ ಈ ವಿಧಾನದಿಂದ ದೊಡ್ಡ ಅನುಕೂಲವಾಯಿತು. ಅಚ್ಚುಮೊಳೆಯಲ್ಲಿ ಮುದ್ರಿಸಬೇಕಾದರೆ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿ ನೂರಾರು ಬಗೆಯ ಮೊಳೆಗಳನ್ನು ಎರಕ ಹೊಯ್ಯಬೇಕು. ಕಲ್ಲಚ್ಚಿಗೆ ದುಂಡಾದ ಕೈಬರಹ ಇರುವ ಒಬ್ಬ ಬರಹಗಾರ ಸಾಕು. ತಾಳೆಗರಿಯನ್ನು ನಕಲು ಮಾಡುತ್ತಿದ್ದ ಕೈಯೇ ಈಗ ನೂರಾರು ಪ್ರತಿ ತೆಗೆಯಬಹುದಾದ ಪುಟವನ್ನು ಬರೆಯಿತು.

ಪತ್ರಿಕೆ

‘ಮಂಗಳೂರ ಸಮಾಚಾರ’ ಈ ಕಲ್ಲಚ್ಚಿನಲ್ಲೇ ಮೂಡಿತು. ನಾಲ್ಕು ಪುಟ, ಹದಿನೈದು ದಿನಕ್ಕೊಂದು ಸಂಚಿಕೆ. ಊರಿನ ವರ್ತಮಾನ, ಸರಕಾರದ ಆದೇಶಗಳು, ಹೊರಗಿನ ರಾಜ್ಯಗಳ ಸುದ್ದಿ, ನೀತಿ ಮಾತು, ಕಥೆ ಇವೆಲ್ಲ ಅದರಲ್ಲಿ ಇರುತ್ತಿದ್ದವು. ಕಂಪನಿ ಸರಕಾರದ ನಿಯಮಗಳು ಅಲ್ಲಿಯವರೆಗೆ ಕಚೇರಿಯ ಗುಮಾಸ್ತರ ಬಾಯಿಂದಲೇ ಜನರಿಗೆ ತಿಳಿಯಬೇಕಿತ್ತು. ಅವನ್ನು ಕನ್ನಡದಲ್ಲಿ ಅಚ್ಚಾದ ಹಾಳೆಯಲ್ಲಿ ಓದುವುದು ಹೊಸ ಅನುಭವ.

1844ರ ಮಾರ್ಚ್‌ನಿಂದ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರು ಪಡೆಯಿತು. ಬಳ್ಳಾರಿಯಲ್ಲಿ ಅಚ್ಚುಮೊಳೆಯ ಮುದ್ರಣಾಲಯವಿತ್ತು. ಒಂದು ಊರಿನ ಹೆಸರಿನಿಂದ ಒಂದು ಭಾಷೆಯ ಹೆಸರಿಗೆ ಆದ ಈ ಬದಲಾವಣೆಯನ್ನು ಗಮನಿಸಬೇಕು. ಆಗ ಕನ್ನಡ ನಾಡು ಮೈಸೂರು ಸಂಸ್ಥಾನ, ಮದ್ರಾಸ್ ಪ್ರಾಂತ, ಮುಂಬಯಿ ಪ್ರಾಂತ, ಹೈದರಾಬಾದ್ ಸಂಸ್ಥಾನ ಎಂದು ಹರಿದು ಹಂಚಿಹೋಗಿತ್ತು. ಆ ಎಲ್ಲೆಗಳನ್ನು ದಾಟುವ ಹೆಸರು ಅದು.

ಅದೇ ವರ್ಷ ಮಂಗಳೂರಿನಲ್ಲಿ ದೊಡ್ಡ ಗಲಾಟೆಯೂ ಆಯಿತು. ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕರು ಜನವರಿಯಲ್ಲಿ ಕ್ರೈಸ್ತ ದೀಕ್ಷೆ ಪಡೆದರು. ಮನೆಯವರಿಗೆ ದುಃಖ, ಊರಿನವರಿಗೆ ಸಿಟ್ಟು. ಮುಂದೆ ಕೌಂಡಿನ್ಯರು ಬಾಸೆಲ್‌ಗೆ ಹೋಗಿ ಓದಿ, ಮಿಷನರಿಯಾಗಿ ಮರಳಿ ಬಂದರು. ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿದ ವ್ಯಕ್ತಿಯೇ ಒಂದು ಮನೆಯ ಒಡಕಿಗೂ ಕಾರಣರಾದರು. ಈ ಎರಡು ಸಂಗತಿಗಳ ನಡುವೆ ಒಂದು ವರ್ಷದ ಅಂತರವೂ ಇಲ್ಲ.

ಬಾಗೇವಾಡಿಯ ಕಥೆ ಮಂಗಳೂರಿನಲ್ಲಿ

ನಮ್ಮ ವಿಜಯಪುರ ಜಿಲ್ಲೆಯವರು ವಿಶೇಷವಾಗಿ ತಿಳಿಯಬೇಕಾದ ಕೆಲಸ ಇನ್ನೊಂದಿದೆ. 1848ರಿಂದ ಸುಮಾರು ಐದು ವರ್ಷ ಮೋಗ್ಲಿಂಗ್ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಯನ್ನು ಹೊರತಂದರು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದು ನಿವೃತ್ತರಾಗಿದ್ದ ಕಾಸಾಮೇಜರ್ ಎಂಬ ಅಧಿಕಾರಿ ಇದಕ್ಕೆ ಹಣ ಒದಗಿಸಿದರು. ಬಸವ ಪುರಾಣ, ಚೆನ್ನಬಸವ ಪುರಾಣ, ಜೈಮಿನಿ ಭಾರತ, ದಾಸರ ಪದಗಳು ಈ ಮಾಲೆಯಲ್ಲಿ ಅಚ್ಚಾದವು. ದಾಸರ ಪದಗಳ ಸಂಗ್ರಹದಲ್ಲಿ 174 ಹಾಡುಗಳಿವೆ. ಕನ್ನಡ ಗಾದೆಗಳನ್ನೂ ಅವರು ಕೂಡಿಸಿ ಪ್ರಕಟಿಸಿದರು.

ಭೀಮಕವಿ ಬಸವ ಪುರಾಣವನ್ನು ಬರೆದು ಮುಗಿಸಿದ್ದು 1369ರಲ್ಲಿ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಆ ಕಥೆ ಸುಮಾರು ಐನೂರು ವರ್ಷ ತಾಳೆಗರಿಯಲ್ಲಿ, ಮಠಗಳಲ್ಲಿ, ಪುರಾಣ ಹೇಳುವವರ ಬಾಯಲ್ಲಿ ಉಳಿದಿತ್ತು. ಗ್ರಂಥದ ಗಂಟು ಇದ್ದ ಮನೆಯವರು ಬಿಚ್ಚಿ ಓದಿದರೆ ಮಾತ್ರ ಉಳಿದವರಿಗೆ ಕೇಳಲು ಸಿಗುತ್ತಿತ್ತು. ಅದನ್ನು ಮುದ್ರಣಕ್ಕೆ ತಂದವರು ಆ ಕಥೆಯಲ್ಲಿ ನಂಬಿಕೆ ಇಲ್ಲದ, ಆ ಧರ್ಮದವರನ್ನು ತಮ್ಮ ಕಡೆ ಸೆಳೆಯಬೇಕೆಂದಿದ್ದ ಒಬ್ಬ ಪಾದ್ರಿ.

ಇದಕ್ಕೆ ಎರಡು ಕಾರಣ ಕಾಣುತ್ತದೆ. ಮೊದಲನೆಯದು ಬಳಕೆಯದು: ಹೊಸದಾಗಿ ಬರುವ ಮಿಷನರಿಗಳಿಗೆ ಜನರ ನಂಬಿಕೆ ಮತ್ತು ಭಾಷೆ ತಿಳಿಯಲು ಈ ಗ್ರಂಥಗಳು ಬೇಕಾಗಿದ್ದವು. ಎರಡನೆಯದು ಮೆಚ್ಚುಗೆಯದು: ಬರೀ ಬಳಕೆಯ ಲೆಕ್ಕ ಇದ್ದವರು ಇಷ್ಟು ದೊಡ್ಡ ಕಾವ್ಯಗಳನ್ನು ವರ್ಷಗಟ್ಟಲೆ ಕೂತು ಅಚ್ಚು ಹಾಕಿಸುವುದಿಲ್ಲ. ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಕನ್ನಡದ ಈ ಕೆಲಸಕ್ಕಾಗಿ.

ಕೊಡಗಿನಲ್ಲಿ

ಸೋಮಯ್ಯ ಎಂಬ ಕೊಡವರೊಬ್ಬರು ದೀಕ್ಷೆ ಪಡೆದ ಮೇಲೆ, ಅವರ ಜೊತೆಗೆ ಮೋಗ್ಲಿಂಗ್ 1853ರಲ್ಲಿ ಕೊಡಗಿಗೆ ಹೋದರು. ಕೊಡಗು ಸಮುದ್ರದ ನಡುವಿನ ದ್ವೀಪವಲ್ಲ. ಆದರೂ ಆ ಕಾಲಕ್ಕೆ ಅದು ದ್ವೀಪದಂತೆಯೇ ಇತ್ತು. ಸುತ್ತ ಬೆಟ್ಟ ಮತ್ತು ಕಾಡು, ವರ್ಷದ ಹಲವು ತಿಂಗಳು ಬಿಡದ ಮಳೆ, ಬೇರೆ ಮಾತು, ಬೇರೆ ಉಡುಗೆ, ತಮ್ಮದೇ ಹಬ್ಬಗಳು. ಸುಮಾರು ಇನ್ನೂರು ವರ್ಷ ಅದನ್ನು ಆಳಿದ ಹಾಲೇರಿ ಅರಸರು ಲಿಂಗಾಯತರು. 1834ರಲ್ಲಿ ಕಂಪನಿ ಸರಕಾರ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡಿತ್ತು.

ಕೊಡಗಿನ ಬಗ್ಗೆ ಮೋಗ್ಲಿಂಗ್ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಬರೆದರು. ‘ಕೂರ್ಗ್ ಮೆಮೊಯರ್ಸ್’ ಎಂಬ ಆ ಪುಸ್ತಕ 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ನಾಡಿನ ವರ್ಣನೆ, ಜನರ ನಡೆನುಡಿ, ಅರಸರ ಇತಿಹಾಸ, ಮಿಷನ್ನಿನ ಕೆಲಸ ಇವೆಲ್ಲ ಅದರಲ್ಲಿವೆ. ಕೊಡಗಿನ ಬಗ್ಗೆ ಅಚ್ಚಾದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಕೊಡಗಿನ ಇತಿಹಾಸ ಬರೆಯುವವರು ಇಂದಿಗೂ ಅದನ್ನು ತೆರೆದು ನೋಡುತ್ತಾರೆ.

ಜಮೀನುದಾರರ ಮನೆಗಳಲ್ಲಿ ತಲೆಮಾರುಗಳಿಂದ ಜೀತಕ್ಕಿದ್ದ ದಲಿತ ಕುಟುಂಬಗಳಲ್ಲಿ ಕೆಲವು ಮಿಷನ್ ಸೇರಿದವು. ಅವರಿಗಾಗಿ ಅಮ್ಮತ್ತಿಯ ಬಳಿ ಆನಂದಪುರ ಎಂಬ ಊರು ಕಟ್ಟಿದರು. ಅರಸರ ಕಥೆ, ಮನೆತನಗಳ ಕಥೆ ಎಷ್ಟು ಹೇಳಿದರೂ ಈ ಜನರ ಕಥೆ ಬೇರೆಯೇ. ಅವರಿಗೆ ಮಿಷನ್ ಎಂದರೆ ದೇವರು ಬದಲಾಗುವುದರ ಜೊತೆಗೆ ಒಡೆಯನ ಹಿಡಿತದಿಂದ ಹೊರಬರುವ ದಾರಿಯೂ ಆಗಿತ್ತು.

ದ್ವೀಪಗಳ ಪುಸ್ತಕಗಳು

ಪಾದ್ರಿಗಳು ಹೊಸ ನಾಡಿನ ಜನರ ಬಗ್ಗೆ ಬರೆದು ಅಚ್ಚು ಹಾಕಿಸುವ ಪದ್ಧತಿ ಮೋಗ್ಲಿಂಗರಿಗಿಂತ ಬಹಳ ಹಳೆಯದು. ಕೊಲಂಬಸ್‌ನ ಎರಡನೆಯ ಪ್ರಯಾಣದಲ್ಲಿ ಹೋದ ರಾಮೋನ್ ಪಾನೆ ಎಂಬ ಸನ್ಯಾಸಿ ಹಿಸ್ಪಾನಿಯೋಲಾ ದ್ವೀಪದ ತಾಯ್ನೋ ಜನರ ದೇವರು ಮತ್ತು ಕಥೆಗಳನ್ನು 1498ರ ಸುಮಾರಿಗೆ ಬರೆದಿಟ್ಟರು. ಮುಂದಿನ ಕೆಲವೇ ದಶಕಗಳಲ್ಲಿ ಹೊಸ ರೋಗ, ಬಲವಂತದ ದುಡಿಮೆ, ಹಿಂಸೆಗಳಿಂದ ಆ ಜನರಲ್ಲಿ ಬಹುಪಾಲು ಸತ್ತರು. ಪಾನೆ ಬರೆದ ಮೂಲಪ್ರತಿಯೂ ಕಳೆದುಹೋಗಿದೆ. 1571ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಇಟಾಲಿಯನ್ ಅನುವಾದದಲ್ಲಿ ಅದು ಉಳಿಯಿತು.

ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಸ್ಪೇನಿನ ಮಿಷನರಿಗಳು 1593ರಲ್ಲಿ ಮನಿಲಾದಲ್ಲಿ ಸ್ಪ್ಯಾನಿಷ್ ಮತ್ತು ಟಗಲಾಗ್ ಭಾಷೆಗಳಲ್ಲಿ ಒಂದು ಧರ್ಮಬೋಧೆಯ ಪುಸ್ತಕ ಮುದ್ರಿಸಿದರು. ಮರದ ಹಲಗೆಯಲ್ಲಿ ಕೆತ್ತಿ ಅಚ್ಚು ಹಾಕಿದ ಆ ಪುಸ್ತಕದಲ್ಲಿ ಅಲ್ಲಿಯ ಜನರ ಸ್ವಂತ ಲಿಪಿ ಬಾಯ್‌ಬಾಯಿನ್ ಇದೆ. ಅದರ ಒಂದೇ ಪ್ರತಿ ಇಂದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. ಪೇದ್ರೋ ಚಿರಿನೋ ಎಂಬ ಜೆಸ್ಯೂಟ್ ಪಾದ್ರಿ ಅದೇ ದ್ವೀಪಗಳ ಬಗ್ಗೆ ಬರೆದ ಪುಸ್ತಕ 1604ರಲ್ಲಿ ರೋಮ್‌ನಲ್ಲಿ ಅಚ್ಚಾಯಿತು. ಅಲ್ಲಿಯ ಗಂಡಸರೂ ಹೆಂಗಸರೂ ಓದು ಬರಹ ಬಲ್ಲವರಾಗಿದ್ದರು ಎಂದು ಅವರು ದಾಖಲಿಸಿದ್ದಾರೆ. ಆ ಲಿಪಿ ಮುಂದೆ ಬಹುಮಟ್ಟಿಗೆ ಬಳಕೆ ತಪ್ಪಿ, ರೋಮನ್ ಲಿಪಿ ಅದರ ಜಾಗಕ್ಕೆ ಬಂತು.

ಈ ಮೂರು ಪುಸ್ತಕಗಳನ್ನು ಕೊಡಗಿನ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಬಂದವರು ಜನರನ್ನು ಬದಲಾಯಿಸಲು ಬಂದರು. ಬದಲಾಯಿಸುವ ಮೊದಲು ಅವರನ್ನು ಅರಿಯಬೇಕಾಯಿತು. ಅರಿತದ್ದನ್ನು ಬರೆದರು. ಜನರ ಬಾಯಲ್ಲಿದ್ದದ್ದು ಕಳೆದುಹೋದ ಕಡೆ ಆ ಬರಹವೊಂದೇ ಸಾಕ್ಷಿಯಾಗಿ ಉಳಿಯಿತು. ತಾಯ್ನೋ ಜನರಿಗೆ ಆ ಬರಹವನ್ನು ಓದಿ, ಇದು ಹೀಗಲ್ಲ ಎಂದು ತಿದ್ದುವ ಅವಕಾಶವೇ ಸಿಗಲಿಲ್ಲ.

ನಮ್ಮವರು ಬರೆದದ್ದು

ಕನ್ನಡ ನಾಡಿನಲ್ಲಿ ಆ ಅವಕಾಶ ಸಿಕ್ಕಿತು. ಕೊಡಗಿನಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ತಾವೇ ಊರೂರು ತಿರುಗಿ ಕೂಡಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ ಪ್ರಕಟಿಸಿದರು. ಅದಕ್ಕಿಂತ ಒಂದು ವರ್ಷ ಮೊದಲು, 1923ರಲ್ಲಿ, ನಮ್ಮ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. ಮನೆಮನೆ ತಿರುಗಿ ತಾಳೆಗರಿ ಕೂಡಿಸಿದ ಹಳಕಟ್ಟಿಯವರು ವಿಜಯಪುರದಲ್ಲಿ ಹಿತಚಿಂತಕ ಎಂಬ ಮುದ್ರಣಾಲಯವನ್ನೇ ಹಾಕಿದರು. 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು. ಮೋಗ್ಲಿಂಗ್ ಅಚ್ಚು ಹಾಕಿಸಿದ್ದು ಬಸವಣ್ಣನವರ ಪುರಾಣ. ಶರಣರ ಸ್ವಂತ ಮಾತು, ಅಂದರೆ ವಚನಗಳು, ಅಷ್ಟು ದೊಡ್ಡ ಪ್ರಮಾಣದಲ್ಲಿ ಅಚ್ಚಿನಲ್ಲಿ ಬರಲು ನಮ್ಮ ಜಿಲ್ಲೆಯಲ್ಲಿ ನೆಲೆಸಿದ ಒಬ್ಬರು ಮನೆ ಮಾರು ಮರೆತು ದುಡಿಯಬೇಕಾಯಿತು.

ಕೊನೆಯ ವರ್ಷಗಳು

1855ರಲ್ಲಿ ವೈಗ್ಲೆ ಮಂಗಳೂರಿನಲ್ಲಿ ತೀರಿಕೊಂಡರು. ಮುಂದೆ ಅವರ ಪತ್ನಿ ಪೌಲೀನಾ ಅವರನ್ನು ಮೋಗ್ಲಿಂಗ್ ಮದುವೆಯಾದರು. ಪತ್ನಿಯ ಆರೋಗ್ಯ ಕೆಟ್ಟದ್ದರಿಂದ 1860ರಲ್ಲಿ ಜರ್ಮನಿಗೆ ಮರಳಿದರು. ಮತ್ತೆ ಈ ಕಡೆ ಬರಲು ಆಗಲಿಲ್ಲ. ಅಲ್ಲಿದ್ದರೂ ಕನ್ನಡ ಬಿಡಲಿಲ್ಲ. ದಾಸರ ಪದಗಳನ್ನೂ ಶರಣರ ಕಥೆಗಳನ್ನೂ ಜರ್ಮನ್ ಭಾಷೆಗೆ ಅನುವಾದಿಸಿ ಅಲ್ಲಿಯ ವಿದ್ವಾಂಸರ ಪತ್ರಿಕೆಯಲ್ಲಿ ಪ್ರಕಟಿಸಿದರು. ಫರ್ಡಿನೆಂಡ್ ಕಿಟೆಲ್ ಅವರ ನಿಘಂಟಿನ ಕೆಲಸಕ್ಕೆ ಬ್ರಿಟಿಷ್ ಸರಕಾರದ ನೆರವು ಸಿಗುವಂತೆ ಪ್ರಯತ್ನಿಸಿದರು. ಸುಮಾರು 70,000 ಪದಗಳ ಆ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದಾಗ ನೋಡಲು ಮೋಗ್ಲಿಂಗ್ ಇರಲಿಲ್ಲ. 1881ರ ಮೇ 10ರಂದು ಎಸ್ಲಿಂಗನ್ ಪಟ್ಟಣದಲ್ಲಿ ಅವರು ನಿಧನರಾದರು.

ತರಗತಿಯಲ್ಲಿ

ಈ ಜೀವನವನ್ನು ಎರಡು ಅವಧಿಗಳಲ್ಲಿ ಪಾಠ ಮಾಡಬಹುದು. ವಿಜ್ಞಾನದ ಅವಧಿಯಲ್ಲಿ ಕಲ್ಲಚ್ಚಿನ ತತ್ವ ತೋರಿಸಲು ಪ್ರಯೋಗಾಲಯವೇ ಬೇಕೆಂದಿಲ್ಲ. ನಮ್ಮ ಕಡೆ ಮನೆಯ ನೆಲಕ್ಕೆ ಹಾಕುವ ಶಹಾಬಾದ ಪರಸಿ ಸುಣ್ಣದಕಲ್ಲೇ. ಅದರ ಒಂದು ತುಂಡಿನ ಮೇಲೆ ಮೇಣದಬತ್ತಿಯಿಂದ ಒಂದು ಅಕ್ಷರ ಬರೆದು ನೀರು ಸವರಿದರೆ ಅಕ್ಷರದ ಜಾಗದಲ್ಲಿ ನೀರು ನಿಲ್ಲುವುದಿಲ್ಲ. ಇನ್ನೊಂದು ತುಂಡಿನ ಮೇಲೆ ಇಂಡಿ ಭಾಗದ ಲಿಂಬೆಹಣ್ಣಿನ ರಸ ಹಿಂಡಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ಆಮ್ಲ ಸುಣ್ಣದಕಲ್ಲಿನ ಮೇಲೆ ಕೆಲಸ ಮಾಡುತ್ತದೆ ಎಂಬುದನ್ನು ಮಕ್ಕಳು ಕಣ್ಣಾರೆ ನೋಡುತ್ತಾರೆ.

ಸಮಾಜ ವಿಜ್ಞಾನದ ಅವಧಿಯಲ್ಲಿ ಮೂರು ಪ್ರಶ್ನೆಗಳನ್ನು ಫಲಕದ ಮೇಲೆ ಬರೆದರೆ ಸಾಕು. ಇದನ್ನು ಬರೆದವರು ಯಾರು? ಯಾರು ಓದಲಿ ಎಂದು ಬರೆದರು? ಇದರಲ್ಲಿ ಯಾರ ಮಾತು ಬಂದಿಲ್ಲ? ‘ಕೂರ್ಗ್ ಮೆಮೊಯರ್ಸ್’ ಅನ್ನು ಇಂಗ್ಲಿಷಿನಲ್ಲಿ ಬರೆದರು ಎಂದ ಕೂಡಲೇ, ಕೊಡಗಿನ ರೈತನಿಗೆ ಅದನ್ನು ಓದಲು ಬರುತ್ತಿರಲಿಲ್ಲ ಎಂದು ಮಕ್ಕಳೇ ಹೇಳುತ್ತಾರೆ. ಪಾಠ ಅಲ್ಲಿಂದ ತಾನೇ ಮುಂದೆ ಸಾಗುತ್ತದೆ.

ಮನೆಗೆಲಸವಾಗಿ, ಹೊರ್ತಿ ಮತ್ತು ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ತಮ್ಮ ಮನೆಯ ಹಿರಿಯರಿಂದ ಐದು ಗಾದೆ, ಒಂದು ಬೀಸುಕಲ್ಲಿನ ಪದ, ಊರ ಜಾತ್ರೆಯ ಒಂದು ಪದ್ಧತಿ ಕೇಳಿ ಬರೆದು ತರಲು ಹೇಳಬಹುದು. ಹೇಳಿದವರ ಹೆಸರು, ವಯಸ್ಸು, ಕೇಳಿದ ತಾರೀಖನ್ನು ಮಗು ಕೆಳಗೆ ಬರೆಯಬೇಕು. ಬರೆದದ್ದನ್ನು ಹೇಳಿದವರಿಗೇ ಮತ್ತೆ ಓದಿ ತೋರಿಸಿ, ತಪ್ಪಿದ್ದಲ್ಲಿ ಅವರಿಂದಲೇ ತಿದ್ದಿಸಿಕೊಂಡು ಬರಬೇಕು.